ಕಾಯಿ ಸುಲಿಯುವ ಕಾಲಿಗೆ ಗಾಲ್ಫ್ ಶೂ

ಗಾಲ್ಫ್ ಆಡುವವರನ್ನು ನಾನು ಇವತ್ತಿನವರೆಗೂ ಕಣ್ಣಾರೆ ಕಂಡಿಲ್ಲ. ಆದರೆ ಅವರ ಎಡಗಾಲಿನ ಕಿರುಬೆರಳಿಗೆ ಯಾವಾಗ, ಯಾಕೆ ನೋವಾಗುತ್ತದೆ ಎಂಬುದನ್ನು ನನ್ನಷ್ಟು ಬಲ್ಲವರು ತುರುವೇಕೆರೆ ತಾಲ್ಲೂಕಿನಲ್ಲಿ ಇನ್ನೊಬ್ಬರಿದ್ದರೆ ಅದು ನಮ್ಮಪ್ಪ ಮಾತ್ರ.

ನಾನು ತುಮಕೂರಿನ ಕಡೆ ಒಂದು ಶೂ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇನೆ. ಮನೆ ಅಮ್ಮಸಂದ್ರದಿಂದ ಎರಡು ಮೈಲಿ ಒಳಗೆ. ಬೆಳಿಗ್ಗೆ ಒಂದು ರೈಲು, ಸಂಜೆ ಒಂದು ರೈಲು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಯಾರೂ ಕೇಳದಿದ್ದರೂ ಇದನ್ನು ಹೇಳುವ ಚಟ ನನಗಿದೆ, ಬಿಡುವ ಯೋಚನೆಯಿಲ್ಲ. ತಿಪಟೂರಿನಲ್ಲಿ ಬಿ.ಎಸ್ಸಿ. ಮಾಡಿದೆ. ಗಣಿತ ಎರಡು ಸಲ ಕೈಕೊಟ್ಟಿತು. ಮೂರನೇ ಸಲ ಅದಕ್ಕೇ ನನ್ನ ಮುಖ ನೋಡಿ ಸಾಕಾಗಿರಬೇಕು.

ಅಷ್ಟೆಲ್ಲ ಮಾಡಿ ಕಾರ್ಖಾನೆಗೆ ಸೇರಿದರೆ ಮೊದಲ ವರ್ಷ ಕೊಟ್ಟ ಕೆಲಸ ಸೋಲ್‌ಗೆ ಗಮ್ ಹಚ್ಚುವುದು. ಸಂಜೆ ಅನ್ನಕ್ಕೆ ಕೈಯಿಟ್ಟರೆ ಸಾರಿನಲ್ಲೂ ಗಮ್ಮಿನ ವಾಸನೆ. ಹೀಗಿರುವಾಗ ಒಂದು ದಿನ ಮೇಲಿನ ಟೆಸ್ಟಿಂಗ್ ರೂಮಿನ ಮೇಡಂ ಅಳತೆ ಪಟ್ಟಿ ಹಿಡಿದು ಕೆಳಗಿಳಿದು ಬಂದರು, ಎಲ್ಲರ ಕಾಲೂ ಅಳೆದರು. ನನ್ನದು ಎಂಟನೇ ನಂಬರ್, ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಮಾದರಿ ಜೋಡಿಗಳನ್ನು ಮಾಡುವುದೇ ಆ ನಂಬರಿನಲ್ಲಂತೆ. ಮಾರನೇ ದಿನವೇ ನನ್ನನ್ನು ಮೇಲಕ್ಕೆ ಕರೆಸಿಕೊಂಡರು. ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟು ಚೀಲದಲ್ಲೇ ಇತ್ತು. ಅದನ್ನು ಯಾರೂ ಕೇಳಲಿಲ್ಲ. "ಸಾಕ್ಸ್ ತೆಗೀರಿ" ಅಂದರು, ಅಷ್ಟೆ.

ಮೇಲೆ ಕುರ್ಚಿ ಇತ್ತು, ಫ್ಯಾನ್ ಇತ್ತು, ನನ್ನದೇ ಅಂತ ಒಂದು ಟೇಬಲ್ ಇತ್ತು. ಹೊಸ ಮಾದರಿ ಬಂದಾಗ ಹತ್ತು ದಿನ ಹಾಕಿಕೊಂಡು ಓಡಾಡಬೇಕು, ಕಾಲಿಗೆ ಹೇಗಾಯಿತು ಅಂತ ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆದು ಸಹಿ ಹಾಕಬೇಕು. ಆರು ತಿಂಗಳು ನೋಡುತ್ತೇವೆ, ಸರಿಹೋದರೆ ಇಲ್ಲೇ, ಇಲ್ಲದಿದ್ದರೆ ವಾಪಸ್ ಗಮ್ಮಿಗೆ ಅಂತ ಮಾತಾಗಿತ್ತು. ನನ್ನ ಮೊದಲ ಎರಡು ರಿಪೋರ್ಟೂ ವಾಪಸ್ ಬಂದವು. ಎರಡರಲ್ಲೂ ನಾನು ಬರೆದಿದ್ದು ಒಂದೇ ಸಾಲು, ಬಹಳ ಆರಾಮಾಗಿದೆ ಅಂತ. ಅದುವರೆಗೆ ನಾನು ಹಾಕಿದ್ದ ಚಪ್ಪಲಿಗಳನ್ನು ನೋಡಿದ್ದರೆ ಅದು ಸುಳ್ಳಲ್ಲ ಎಂದು ಯಾರಾದರೂ ಒಪ್ಪುತ್ತಿದ್ದರು. ಮೇಡಂ ಒಪ್ಪಲಿಲ್ಲ.

"ಎಲ್ಲಿ ಆರಾಮು? ಹಿಮ್ಮಡಿಗೋ, ಬೆರಳಿಗೋ? ಎಷ್ಟು ಹೊತ್ತಾದ ಮೇಲೆ? ರೀ, ಇದು ಮದುವೆ ಊಟ ಅಲ್ಲ, ಚೆನ್ನಾಗಿತ್ತು ಅಂತ ಎಲೆ ಮಡಚಿ ಎದ್ದು ಹೋಗೋಕೆ. ಇನ್ನೊಂದು ಸಲ ಹೀಗೆ ಬಂದ್ರೆ ನೀವು ಕೆಳಗೆ."

ಮೂರನೆಯದಾಗಿ ಕೈಗೆ ಬಂದದ್ದು ಗಾಲ್ಫ್ ಶೂ.

ಬೆಳ್ಳಗೆ, ಹೊಸ ಅಳಿಯನ ಹಾಗೆ ಇತ್ತು. ತಿರುಗಿಸಿ ನೋಡಿದರೆ ತಳದ ತುಂಬ ಮೆದು ಪ್ಲಾಸ್ಟಿಕ್ಕಿನ ಹಲ್ಲು. ಜೊತೆಗೆ ಕೊಟ್ಟ ಹಾಳೆಯಲ್ಲಿ ಒದ್ದೆ ಹುಲ್ಲಿನ ಮೇಲೆ ನಡೆ, ಇಳಿಜಾರಿನಲ್ಲಿ ನಿಲ್ಲು, ಮರಳಿನಲ್ಲಿ ಹೆಜ್ಜೆ ಹಾಕು ಎಂದೆಲ್ಲ ಇತ್ತು. ಚೆಂಡು ಹೊಡೆಯಲು ಮೈ ತಿರುಗಿಸಿದಾಗ ಪಾದ ಒಳಗೆ ಜಾರುತ್ತದೆಯೇ ಎನ್ನುವುದು ಮುಖ್ಯ ಪ್ರಶ್ನೆಯಂತೆ, ದಪ್ಪಕ್ಷರದಲ್ಲಿ ಇತ್ತು. ಗಾಲ್ಫ್ ಆಡಿ ಎಷ್ಟು ವರ್ಷದ ಅನುಭವ ಎಂಬ ಪ್ರಶ್ನೆಗೆ ಏನು ಬರೆಯಲಿ ಅಂತ ಮೇಡಂ ಅವರನ್ನು ಕೇಳಿದೆ.

"ಈ ಬಿಲ್ಡಿಂಗಲ್ಲಿ ಯಾರಿಗೂ ಇಲ್ಲ. ನಡೆಯೋಕೆ ಬರುತ್ತಲ್ಲ? ತಿರುಗೋಕೆ ಬರುತ್ತಲ್ಲ? ಹೋಗಿ."

ನಡೆಯುವುದು ಕಷ್ಟವಾಗಲಿಲ್ಲ. ನೀರು ಬಿಟ್ಟ ತೋಟದಲ್ಲಿ ಒದ್ದೆ ಹುಲ್ಲಿತ್ತು, ಕೆರೆ ಏರಿಯಲ್ಲಿ ಇಳಿಜಾರಿತ್ತು, ಪಕ್ಕದ ಮನೆಯವರು ಕಟ್ಟಡಕ್ಕೆ ಹೊಡೆಸಿದ್ದ ಮರಳಿನ ಗುಡ್ಡೆಯಿತ್ತು. ಬಿಳಿ ಶೂ ಹಾಕಿಕೊಂಡು ಬೆಳಿಗ್ಗೆ ಬೆಳಿಗ್ಗೆ ಮರಳುಗುಡ್ಡೆ ಹತ್ತಿ ಇಳಿಯುವವನನ್ನು ಊರು ಹೇಗೆ ನೋಡಬೇಕೋ ಹಾಗೇ ನೋಡಿತು. ತೊಂದರೆಯಾದದ್ದು ಮನೆಯಲ್ಲಿ. ಅವ್ವ ಆಗತಾನೆ ಸಾರಿಸಿದ್ದ ಅಂಗಳದಲ್ಲಿ ನಾನು ಒಂದು ಸುತ್ತು ಹಾಕಿದೆ. ಹೆಜ್ಜೆಗೊಂದು ಹಿಡಿ ತೂತು ಬಿತ್ತು.

"ಅಯ್ಯೋ ನಿನ್ನ ಶೂಗಿಷ್ಟು! ಇದೇನ್ಲಾ ತಳದಲ್ಲಿ ಹಲ್ಲು ಕಿಸ್ಕಂಡೈತೆ? ಅಂಗಳ ಎಲ್ಲ ಹಂದಿ ಮೂತಿ ಹಾಕ್ದಂಗಾಯ್ತಲ್ಲೋ!"

"ಸಾವಿರಾರು ರೂಪಾಯಿಂದು ಕಣವ್ವ."

"ಹಂಗಾದ್ರೆ ತಲೆ ಮ್ಯಾಲಿಕ್ಕಂಡು ನಡಿ."

ಉಳಿದದ್ದು ದಪ್ಪಕ್ಷರದ ಪ್ರಶ್ನೆ. ಫೋನಿನಲ್ಲಿ ಗಾಲ್ಫ್ ಆಡುವವರ ವಿಡಿಯೋ ಹಾಕಿಕೊಂಡು, ಒಣಗಿ ಬಿದ್ದ ತೆಂಗಿನ ಗರಿಯ ದಿಂಡು ಕಡಿದು ಕೋಲು ಮಾಡಿ, ಮರದಿಂದ ಉದುರಿದ ನಿಂಬೆಗಾತ್ರದ ಎಳೆ ತೆಂಗಿನ ಹರಳುಗಳನ್ನು ಚೆಂಡಿನ ಹಾಗೆ ಇಟ್ಟುಕೊಂಡು ಭಾನುವಾರ ಬೆಳಿಗ್ಗೆ ತೋಟದಲ್ಲಿ ಶುರುಮಾಡಿದೆ. ಬೀಸಿದರೆ ಹರಳು ಅಲ್ಲೇ ಇರುತ್ತಿತ್ತು, ಮಣ್ಣು ಹಾರುತ್ತಿತ್ತು. ಪಾದ ಜಾರುತ್ತದೆಯೇ? ನನ್ನ ಕಾಲು ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ನೋವೂ ಇಲ್ಲ, ಏನೂ ಇಲ್ಲ. ಮತ್ತೆ ಅದೇ ಆರಾಮು. ನನಗೆ ಗಮ್ಮಿನ ವಾಸನೆ ಹೊಡೆಯತೊಡಗಿತು.

ಅಪ್ಪ ಅಲ್ಲೇ ಮನೆ ಮುಂದೆ ನಮ್ಮದೇ ಕಾಯಿ ಸುಲಿಯುತ್ತಿದ್ದ. ಅಪ್ಪನ ಕಸುಬೇ ಅದು. ನಮ್ಮ ಕಡೆ ಕಾಯಿಯನ್ನು ವರ್ಷದ ತನಕ ಅಟ್ಟದ ಮೇಲೆ ಹಾಕಿಟ್ಟು, ಒಳಗಿನ ನೀರು ಇಂಗಿ ಕೊಬ್ಬರಿ ಗಡಗಡ ಅಲ್ಲಾಡುವ ಹಾಗಾದ ಮೇಲೆ ಸುಲಿಯುತ್ತಾರೆ. ನೆಲಕ್ಕೆ ನೆಟ್ಟ ಚೂಪು ಕಬ್ಬಿಣಕ್ಕೆ ಕಾಯಿಯನ್ನು ಚುಚ್ಚಿ, ಮೈ ತಿರುಗಿಸಿ, ಸಿಪ್ಪೆ ಎಬ್ಬಿಸಬೇಕು. ಇಲ್ಲಿಂದ ಶೆಟ್ಟಿಕೆರೆಯವರೆಗೆ ಅಪ್ಪ ಸುಲಿಯದ ಅಟ್ಟ ಇಲ್ಲ.

"ಅದೇನ್ಲಾ ಅದು, ಹಾವು ಹೊಡಿತಿದ್ದೀಯಾ?"

"ಗಾಲ್ಫ್ ಕಣಪ್ಪ. ತಿರುಗ್ದಾಗ ಶೂ ಹೆಂಗಿರ್ತೈತೆ ಅಂತ ನೋಡ್ಬೇಕು."

"ನೀನೆಲ್ಲಿ ತಿರುಗ್ತಿದ್ದೀಯಾ? ಕೈ ಬೀಸ್ತಿದ್ದೀಯಾ. ತಿರುಗೋದು ಕಾಲಿಂದ ಕಣ್ಲಾ. ಕೊಡಿಲ್ಲಿ."

ಹೆಬ್ಬೆರಳಿನಿಂದ ನನ್ನ ಫೋನಿನ ವಿಡಿಯೋವನ್ನು ಎರಡು ಸಲ ನಿಲ್ಲಿಸಿ ನೋಡಿದ. ಆಟಗಾರ ಬಲಗಾಲಿನ ಮೇಲೆ ಭಾರ ಹಾಕಿ, ಸೊಂಟ ತಿರುಗಿಸಿ, ಭಾರವನ್ನೆಲ್ಲ ಎಡಗಾಲಿಗೆ ಇಳಿಸುತ್ತಿದ್ದ. "ಇವ್ನು ಕಾಯಿಲ್ದೆ ಸುಲೀತವ್ನೆ" ಎಂದು ತೀರ್ಪು ಕೊಟ್ಟು, ಬರಿಗಾಲನ್ನು ಆ ಬಿಳಿ ಶೂಗೆ ತುರುಕಿ, ಮಧ್ಯಾಹ್ನದ ತನಕ ಅದರಲ್ಲೇ ಸುಲಿದ. ಆಮೇಲೆ ಕಟ್ಟೆಯ ಮೇಲೆ ಕೂತು ಬಿಚ್ಚುತ್ತ ಹೇಳಿದ:

"ಬಲಗಾಲಿಂದು ವಸಿ ಪರವಾಗಿಲ್ಲ. ಎಡಗಾಲಿಂದು ಮೋಸ. ನಾನು ತಿರುಗ್ದಾಗ ಕಾಲು ಆಚಿಕ್ ಬತ್ತೈತೆ, ಶೂ ಬರಾಕಿಲ್ಲ. ಒಂದ್ ಗಂಟೆ ಆದ್ಮ್ಯಾಕೆ ಕಿರುಬೆರಳ್ನ ಹೊಲಿಗೆ ಕಚ್ತೈತೆ."

ಒಂದೇ ಉಸಿರಿನಲ್ಲಿ ಮೇಡಂ ಕೇಳಿದ್ದೆಲ್ಲ ಅದರಲ್ಲಿತ್ತು. ನಾನು ಅದನ್ನು ಅಷ್ಟುದ್ದ ಇಂಗ್ಲಿಷಿಗೆ ಹಾಕಿದೆ. ಎಲ್ಲಿ, ಯಾವಾಗ, ಎಷ್ಟು ಹೊತ್ತಿನ ಮೇಲೆ, ಎಲ್ಲ ಬರೆದೆ. ಅಪ್ಪನ ಮಾತು ಎಂದು ಬರೆಯಲಿಲ್ಲ. ಕೆಳಗೆ ಬಿ.ಎಸ್ಸಿ. ಸಮೇತ ನನ್ನ ಸಹಿ ಹಾಕಿದೆ.

ಮೇಡಂ ಓದಿದರು. ಹುಬ್ಬು ಮೇಲೇರಿತು. ನಾನು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿದೆ. ಆಮೇಲೆ ಅವರು ಶೂ ಒಳಗೆ ಎರಡು ಬೆರಳು ಹಾಕಿ ಪಾದದಡಿಯ ಪ್ಯಾಡನ್ನು ಕಿತ್ತು ಬೆಳಕಿಗೆ ಹಿಡಿದರು. ಹಾಗೆ ಕಿತ್ತು ನೋಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಬೆವರಿಗೆ ಅಚ್ಚೊತ್ತಿದ ಪಾದದ ಗುರುತು ಅದರ ಮೇಲೆ ಕಾಣುತ್ತಿತ್ತು. ನನ್ನ ಐದು ಬೆರಳೂ ಬಸ್ಸಿನ ಸೀಟಿನಲ್ಲಿ ಕೂತವರ ಹಾಗೆ ಒತ್ತೊತ್ತಾಗಿದ್ದವು. ಅದರ ಮೇಲೆ ಇನ್ನೊಂದು ಪಾದ. ಅಗಲ, ಹೆಬ್ಬೆರಳು ಉಳಿದ ನಾಲ್ಕರ ಜೊತೆ ಮಾತುಬಿಟ್ಟ ಹಾಗೆ ದೂರ ನಿಂತಿತ್ತು.

"ಇದರಲ್ಲಿ ಇಬ್ಬರಿದ್ದಾರೆ" ಅಂದರು ಮೇಡಂ.

ನಾನು ಒರಗಿದ್ದ ಬೆನ್ನನ್ನು ನೆಟ್ಟಗೆ ಮಾಡಿದೆ.

"ಎದ್ದು ನಿಲ್ಲಿ. ಹೇಗೆ ತಿರುಗಿದ್ರಿ, ತೋರಿಸಿ."

ತೋರಿಸಿದೆ. ಹಾವು ಹೊಡೆದೆ.

"ಇಷ್ಟಕ್ಕೆ ಯಾರ ಕಿರುಬೆರಳೂ ನೋಯಲ್ಲ. ಯಾರದ್ದು ಈ ಕಾಲು?"

ಹೇಳಿದೆ. ಸುಲಿಯುವುದು, ಕಬ್ಬಿಣ, ಭಾನುವಾರ, ಎಲ್ಲ. ಅವರು ನಗುತ್ತಾರೇನೋ ಅಂದುಕೊಂಡೆ, ನಗಲಿಲ್ಲ.

"ನಿಮ್ಮ ತಂದೆ ಹೇಳಿದ್ದು ನಿಜಾನೇ ಇರಬಹುದು. ಆದ್ರೆ ಸಹಿ ನಿಮ್ಮದಿದೆಯಲ್ರೀ. ನಾಳೆ ಶೂ ಮಾಡಿಸೋ ಕಂಪನಿಯವರು ಯಾಕೆ ಅಂತ ತಿರುಗಿ ಕೇಳಿದ್ರೆ ಏನು ಹೇಳ್ತೀರಿ? ಹೊಸ ಜೋಡಿ ಕೊಡ್ತೀನಿ, ಹತ್ತು ದಿನ. ಕಾಯಾದ್ರೂ ಸುಲೀರಿ, ಕಲ್ಲಾದ್ರೂ ಹೊಡೀರಿ. ಕಾಲು ಒಬ್ಬರದೇ ಇರಬೇಕು. ಇಲ್ದಿದ್ರೆ ಕೆಳಗೆ ಜಾಗ ಖಾಲಿ ಇದೆ."

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮೂರಿನಲ್ಲಿ ಮೀಸೆ ಮೂಡುವ ಮೊದಲೇ ಹುಡುಗರಿಗೆ ಕಾಯಿ ಸುಲಿಯಲು ಬರುತ್ತದೆ. ನನಗೊಬ್ಬನಿಗೇ ಬರುತ್ತಿರಲಿಲ್ಲ. ಅಪ್ಪ ಬಿಟ್ಟಿರಲಿಲ್ಲ. ಆರನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಆಸೆಗೆ ಕಬ್ಬಿಣ ಮುಟ್ಟಿದ್ದಕ್ಕೆ, ಕೈಯಲ್ಲಿದ್ದ ಸಿಪ್ಪೆಯಿಂದಲೇ ಬೆನ್ನಿಗೆ ಬಾರಿಸಿದ್ದ. ನನ್ನ ಕೈ ಪೆನ್ನಿಗೆ ಮೀಸಲು ಎಂಬುದು ಅವನ ಲೆಕ್ಕ. ಈಗ ಆ ಪೆನ್ನು ಕೈಯಲ್ಲಿ ಉಳಿಯಬೇಕಾದರೆ ಕಬ್ಬಿಣವನ್ನೇ ಹಿಡಿಯಬೇಕು. ಹೋಗಿ ಹೇಳಿದಾಗ ಅಪ್ಪ ಬೀಡಿ ಹಚ್ಚಿದವನು ಸೇದಲೇ ಇಲ್ಲ.

"ಈ ಕ್ಯಾಮೆ ಕಲಿಯಾಕೆ ಬಿ.ಎಸ್ಸಿ. ಯಾಕ್ಲಾ ಬೇಕಿತ್ತು?"

"ಬಿ.ಎಸ್ಸಿ. ಇಲ್ದಿದ್ರೆ ಬರಿಗಾಲಲ್ಲಿ ಸುಲೀಬೇಕಿತ್ತಲ್ಲಪ್ಪ."

ಒಳಗಿಂದ ಅವ್ವನ ದನಿ ಬಂತು. "ಕಲ್ಸ್ರೀ, ಕಲ್ಸ್ರೀ. ಇವ್ನು ಗಮ್ಮಿಗೆ ವಾಪಸ್ ಹೋದ್ರೆ ಮೂಗು ಹಿಡ್ಕಂಡು ಬಟ್ಟೆ ಒಗೆಯೋಳು ನಾನು."

ಅಪ್ಪ ಬೀಡಿ ಎಸೆದ. ಅಟ್ಟ ಹತ್ತಿ ಕಾಯಿ ಇಳಿಸಿದ.

ಮೊದಲ ಮೂರು ದಿನ ನಾನು ಸುಲಿದದ್ದಕ್ಕಿಂತ ಹಾಳುಮಾಡಿದ್ದು ಹೆಚ್ಚು. ಕಬ್ಬಿಣ ಆಳಕ್ಕೆ ಹೋದರೆ ಚಿಪ್ಪು ಸೀಳಿ ಒಳಗಿನ ಕೊಬ್ಬರಿಗೆ ಗಾಯವಾಗುತ್ತದೆ, ಉಂಡೆ ಉಂಡೆಯಾಗಿ ಮಾರುವ ಹಾಗಿಲ್ಲ. ಗಾಯವಾದದ್ದೆಲ್ಲ ಅಡುಗೆಮನೆಗೆ ಹೋಯಿತು. ಹುಳಿಗೆ ಕೊಬ್ಬರಿ, ಪಲ್ಯಕ್ಕೆ ಕೊಬ್ಬರಿ, ಮುದ್ದೆಗೆ ಕೊಬ್ಬರಿ ಚಟ್ನಿ, ಕೊನೆಗೆ ಬೆಲ್ಲದ ಜೊತೆ ಬರೀ ಕೊಬ್ಬರಿ. ಬೆಳಿಗ್ಗೆ ರೈಲಿಗೆ ಮುಂಚೆ ಒಂದು ಗಂಟೆ, ಸಂಜೆ ಬಂದ ಮೇಲೆ ಬೆಳಕಿರುವ ತನಕ. ಅಂಗೈ ಬೊಬ್ಬೆ ಬಂದು ಟೇಬಲ್ಲಿನ ಮೇಲೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ.

"ಭುಜ ಬುಡ್ಲಾ, ಭುಜ ಬುಡು. ಕಾಯಿ ಮ್ಯಾಲೆ ಸಿಟ್ಟು ಮಾಡ್ಬ್ಯಾಡ. ಸೊಂಟ ತಿರುಗ್ಲಿ. ಹಾಂ, ಎಡಗಾಲ್ಗೆ ಭಾರ ಕೊಡು... ಥೂ, ಹೋಯ್ತು. ಅವ್ವಂಗೆ ಕೊಡು ಹೋಗು."

ಬೇಲಿಯಾಚೆ ಹೋಗುತ್ತಿದ್ದ ಪಕ್ಕದ ಮನೆಯವನು ನಿಂತು ನನ್ನ ಬಿಳಿ ಶೂ ನೋಡಿದ. "ಏನಪ್ಪಾ, ಡಿಗ್ರಿ ಮಾಡಿದೋರಿಗೆ ಕಾಯಿ ಸುಲಿಯಾಕೆ ಬೂಟು ಕೊಡ್ತಾರಾ ಈಗ?"

ನಾನು ತಲೆ ತಗ್ಗಿಸಿದೆ. ಅಪ್ಪ ತಗ್ಗಿಸಲಿಲ್ಲ. "ಹೂಂ ಕಣಪ್ಪ, ಕೊಡ್ತಾರೆ. ನೀನೂ ಒಂದು ಡಿಗ್ರಿ ತಗಂಡ್ ಬಾ, ಕೊಡಿಸ್ತೀನಿ."

ಆರನೇ ದಿನ ಮೈ ತಾನಾಗಿ ತಿರುಗಿತು. ಹೇಗೆ ಅಂತ ಕೇಳಿದರೆ ಹೇಳಲಾರೆ. ಕೈಯ ಕೆಲಸ ಕಾಲಿಗೆ ಹೋಯಿತು, ಅಷ್ಟೆ. ಸಿಪ್ಪೆ ಚರಕ್ಕನೆ ಎದ್ದು ಬಂತು. ಅದಾದ ಮೇಲೆ ಒಂದು ಐವತ್ತು ಕಾಯಿ ಆಗಿರಬೇಕು, ಎಡ ಕಿರುಬೆರಳಿಗೆ ಏನೋ ಚುಚ್ಚಿದ ಹಾಗಾಯಿತು.

"ಅಪ್ಪಾ, ಕಚ್ತು! ಕಚ್ತು ಕಣಪ್ಪ!"

ನೋವಾಗಿದ್ದಕ್ಕೆ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು. ಅವ್ವ ಚೇಳು ಅಂದುಕೊಂಡು ಪೊರಕೆ ಹಿಡಿದು ಓಡಿಬಂದಳು.

"ಹೇಳ್ಲಿಲ್ವಾ, ಹೊಲಿಗೆ ಅಂತ" ಅಂದ ಅಪ್ಪ.

ನಾನೂ ಹೊಲಿಗೆಯೇ ಅಂತ ಬರೆದು ಮುಗಿಸಬಹುದಿತ್ತು. ಆದರೆ ಮೇಡಂ ಕೇಳಿದ "ಯಾಕೆ" ಕಿವಿಯಲ್ಲಿತ್ತು. ಹೊಲಿಗೆಯೇ ಕಾರಣವಾಗಿದ್ದರೆ ಮೊದಲ ಕಾಯಿಗೇ ಕಚ್ಚಬೇಕಿತ್ತು. ಐವತ್ತಾಗುವ ತನಕ ಯಾಕೆ ಕಾಯಿತು? ಶೂ ಬಿಚ್ಚಿ ಒಳಗೆ ಕೈಯಾಡಿಸಿದೆ. ಪ್ಯಾಡಿನ ಅಂಚು ಹೊರಗಡೆ ಮಡಚಿಕೊಂಡಿತ್ತು. ಅದನ್ನು ಸರಿಯಾಗಿ ಕೂರಿಸಿ, ಅಂಚಿನ ಗುಂಟ ಪೆನ್ನಿನಲ್ಲಿ ಗೆರೆ ಎಳೆದು, ಮತ್ತೆ ಹಾಕಿಕೊಂಡೆ. ಹತ್ತು ಕಾಯಿ ಸುಲಿಯುವುದು, ಬಿಚ್ಚುವುದು, ನೋಡುವುದು. ಪ್ರತಿ ಸಲವೂ ಪ್ಯಾಡ್ ಗೆರೆಯಿಂದ ಒಂದಿಷ್ಟು ಆಚೆ ಸರಿದಿರುತ್ತಿತ್ತು. ಅದು ಪಾದವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತಿತ್ತು. ಐವತ್ತರ ಹೊತ್ತಿಗೆ ಕಿರುಬೆರಳು ಗೋಡೆಗೆ ಮುಟ್ಟುತ್ತಿತ್ತು.

"ಹೊಲಿಗೆದೇನೂ ತಪ್ಪಿಲ್ಲ ಕಣಪ್ಪ. ಒಳಗಿನ ಪ್ಯಾಡ್ ಜಾರ್ತೈತೆ."

"ಕಚ್ಚಿದ್ದು ಯಾವ್ದು? ಪ್ಯಾಡಾ, ಹೊಲಿಗೆನಾ?"

"ಹೊಲಿಗೆ. ಆದ್ರೆ..."

"ಆದ್ರೆ ಏನ್ ಬಂತು? ನಾಯಿ ಕಚ್ಚಿದ್ರೆ ನಾಯಿ ಅನ್ಬೇಕು, ಬೀದಿ ಅನ್ನಾಕಾಯ್ತದಾ?"

ಅವತ್ತು ರಾತ್ರಿ ಊಟದ ತನಕವೂ ನಾವಿಬ್ಬರೂ ಅದಕ್ಕೇ ಜಗಳವಾಡಿದೆವು. ಅಪ್ಪನ ಎದುರು ನಾನು ಒಂದು ಮಾತಿಗೆ ಅಷ್ಟು ಹೊತ್ತು ಅಂಟಿಕೊಂಡು ನಿಂತದ್ದು ನೆನಪಿಲ್ಲ. ಆಮೇಲೆ ರಿಪೋರ್ಟ್ ಬರೆದೆ. ಪ್ಯಾಡ್ ಎಂದೇ ಬರೆದೆ. ಹೇಗೆ ಪರೀಕ್ಷೆ ಮಾಡಿದೆ ಎಂಬ ಜಾಗದಲ್ಲಿ ಕಾಯಿ ಸುಲಿದು ಎಂದು ಮುಚ್ಚುಮರೆಯಿಲ್ಲದೆ ಬರೆದೆ. ಎಡಗಾಲಿನ ತೊಂದರೆಯನ್ನು ಮೊದಲು ಕಂಡವರು ನನ್ನ ತಂದೆ ಎಂದೂ ಬರೆದೆ.

ಹತ್ತನೇ ದಿನ ಮೇಡಂ ಶೂ ಒಳಗೆ ಕೈಹಾಕಿ ಪ್ಯಾಡ್ ಕಿತ್ತರು. ಒಂದೇ ಪಾದ. ಪೆನ್ನಿನ ಗೆರೆ ನೋಡಿದರು. ಪ್ಯಾಡನ್ನು ವಾಪಸ್ ಕೂರಿಸಿ ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರು. ಅದು ಸಲೀಸಾಗಿ ಜಾರಿತು. ಇನ್ನೊಂದು ಸಲ ಒತ್ತಿದರು. ಆಮೇಲೆ ನನ್ನ ಸಹಿಯ ಪಕ್ಕದಲ್ಲಿ ತಮ್ಮ ಸಹಿ ಹಾಕಿದರು.

"ಈ ರಿಪೋರ್ಟ್ ಕಂಪನಿಯವರಿಗೆ ಹೋಗುತ್ತೆ. ನೀವು ಇಲ್ಲೇ ಇರಿ" ಅಂದರು. ಬಾಗಿಲ ತನಕ ಹೋದ ಮೇಲೆ ಕರೆದು, "ನಿಮ್ಮ ತಂದೆಗೆ ಹೇಳಿ, ಹೊಲಿಗೆ ಅಲ್ಲ ಅಂತ."

ಸಂಜೆ ಸ್ಟೇಷನ್ನಿನಿಂದ ಎರಡು ಮೈಲಿಯನ್ನೂ ಹೆಚ್ಚುಕಡಿಮೆ ಓಡಿಕೊಂಡೇ ಹೋದೆ. ಅಪ್ಪ ಕಬ್ಬಿಣದ ಮುಂದಿದ್ದ. ಕೆಲಸ ಉಳಿಯಿತು ಅಂದೆ. ಕೈಯಲ್ಲಿದ್ದ ಕಾಯಿಯನ್ನು ಸುಲಿದು ಪಕ್ಕಕ್ಕಿಟ್ಟು, ಟವೆಲ್ಲಿನಿಂದ ಮುಖ ಒರೆಸಿಕೊಂಡ. ಸ್ವಲ್ಪ ಜಾಸ್ತಿ ಹೊತ್ತೇ ಒರೆಸಿಕೊಂಡ. ಮೇಡಂ ಹೇಳಿದ ಇನ್ನೊಂದು ಮಾತನ್ನೂ ಹೇಳಿದೆ. ಟವೆಲ್ ತಟ್ಟನೆ ಕೆಳಗಿಳಿಯಿತು.

"ಹೊಲಿಗೆ ಅಲ್ವಂತಾ? ಆ ಯಮ್ಮ ಎಷ್ಟು ಕಾಯಿ ಸುಲಿದವ್ಳೆ? ಒಂದು ಜೋಡಿ ಹಾಕ್ಕಂಡು ಇಲ್ಲಿಗೆ ಬರಾಕೇಳು. ಒಂದು ನೂರು ಸುಲೀಲಿ. ಆಮ್ಯಾಕೆ ಸೈನ್ ಹಾಕ್ಲಿ."