ಅಣ್ಣಾಜಿ ಮಾಸ್ತರರು ಅಳೆದ ಸಮುದ್ರ

ರಾಣೆಬೆನ್ನೂರಿನ ಅಣ್ಣಾಜಿ ಮಾಸ್ತರರು ಭೂಗೋಳ ಕಲಿಸಿ ನಿವೃತ್ತರಾದವರು. ಬೇರೆಯವರು ಕಂಡುಹಿಡಿದದ್ದನ್ನೇ ಜೀವಮಾನವಿಡೀ ಹುಡುಗರ ತಲೆಗೆ ತುಂಬಿದ್ದಾಯಿತು, ಸಾಯುವುದರೊಳಗೆ ತನ್ನದೆಂದು ಒಂದನ್ನಾದರೂ ಕಂಡುಹಿಡಿಯಬೇಕೆಂಬ ಹಪಾಹಪಿ ಅವರಿಗೆ. ಹೆಂಡತಿ ಜಾನಕೀಬಾಯಿ ಏನಾದರೂ ಕೇಳಿದರೆ, "ನಿನಗ ತಿಳಿಯೂದಲ್ಲ ಬಿಡು" ಎನ್ನುವುದು ಅವರ ನಿತ್ಯದ ಮಂತ್ರ.

ಅವರ ಅಣ್ಣನ ಮಗಳು ನಂದಿತಾ ಉತ್ತರ ಧ್ರುವದ ಸಮುದ್ರದಲ್ಲಿ ಹಡಗಿನ ಮೇಲೆ ಕೆಲಸ ಮಾಡುವವಳು. ಕರಗಿದ ಹಿಮ, ನದಿಗಳು ತಂದು ಸುರಿದದ್ದು ಎಲ್ಲ ಸೇರಿ ಅಲ್ಲಿನ ಉಪ್ಪುನೀರಿನಲ್ಲಿ ಸಿಹಿನೀರು ಎಷ್ಟು ಕೂಡಿದೆ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂದು ಅಳೆಯುವುದು ಅವಳ ತಂಡದ ಕೆಲಸ. ಕಾಕಾ ಗಂಟುಬಿದ್ದರೆಂದು, ಪ್ರತಿ ವರ್ಷ ಅದೇ ಜಾಗದ, ಅದೇ ಆಳದ ನೀರಿನಲ್ಲಿ ಪರೀಕ್ಷೆ ಮುಗಿದು ಮಿಕ್ಕಿದ್ದನ್ನು ಒಂದು ಬಾಟಲಿ ತಂದುಕೊಡುತ್ತಿದ್ದಳು. ಮಾಸ್ತರರು ಅವುಗಳ ಮೇಲೆ ಇಸವಿ ಬರೆದು ದೇವರ ಕೋಣೆಯಲ್ಲಿ ಸಾಲಾಗಿ ಇಟ್ಟರು. ಮನೆಯಲ್ಲಿ ತಂಪಾದ ಜಾಗ ಅದೊಂದೇ.

ಐದಾರು ಬಾಟಲಿ ಕೂಡಿದ ಮೇಲೆ ಅಳತೆ ಶುರುವಾಯಿತು. ಒಂದೊಂದರಿಂದ ಒಂದು ಬಟ್ಟಲು ನೀರು ಕಾಸಿ ಇಂಗಿಸಿ, ತಳದಲ್ಲಿ ಉಳಿದ ಉಪ್ಪನ್ನು ಸರಾಫರ ತಕ್ಕಡಿಯಲ್ಲಿ ತೂಗಿಸಿದರು. ಹಳೆಯ ಬಾಟಲಿಯಲ್ಲಿ ಉಪ್ಪು ಎಲ್ಲಕ್ಕಿಂತ ಕಡಿಮೆ, ಹೊಸದರಲ್ಲಿ ಎಲ್ಲಕ್ಕಿಂತ ಹೆಚ್ಚು! ಅಂದರೆ ಸಿಹಿನೀರು ವರ್ಷ ವರ್ಷ ಇಳಿಯುತ್ತಿದೆ. ಹಡಗಿನವರ ಲೆಕ್ಕ ಇದಕ್ಕೆ ತದ್ವಿರುದ್ಧ. ಮಾಸ್ತರರಿಗೆ ಆನಂದಕ್ಕೆ ಕಣ್ಣು ತುಂಬಿ ಬಂತು. ಜಗತ್ತಿನ ವಿಜ್ಞಾನಿಗಳೆಲ್ಲ ತಪ್ಪು, ರಾಣೆಬೆನ್ನೂರು ಸರಿ!

ಈ ಶೋಧದ ಬಗ್ಗೆ ಮಾಸ್ತರರ ಭಾಷಣ, ಸನ್ಮಾನ ಎಂದು ಹಾವೇರಿಯಲ್ಲಿ ಸಭೆ ಕೂಡಿತು. ರಜೆಗೆ ಬಂದಿದ್ದ ನಂದಿತಾಳೇ ಅತಿಥಿ, ಜಾನಕೀಬಾಯಿ ಮುಂದಿನ ಸಾಲಿನಲ್ಲಿ. ಮಾಸ್ತರರು ಗಂಟಲು ಹರಿಯುವಷ್ಟು ಮಾತಾಡಿದರು. ಪತ್ರಿಕೆಯವನು ನಾಲ್ಕು ಸಾಲು ಗೀಚಿಕೊಂಡು, ಉಪ್ಪಿಟ್ಟು ತಿಂದು ಜಾಗ ಖಾಲಿ ಮಾಡಿದ. ಆಮೇಲೆ ನಂದಿತಾ ಮೆಲ್ಲಗೆ ಕೇಳಿದಳು, "ಕಾಕಾ, ಬಾಟ್ಲಿ ಯಾರಾದ್ರೂ ತಗದಿದ್ರೇನು?"

"ಯಾರು ಮುಟ್ತಾರ? ನಿನ್ನ ಕಾಕುಗ ಅದು ಏನಂತನೂ ಗೊತ್ತಿಲ್ಲ."

ಜಾನಕೀಬಾಯಿಗೆ ಇದು ಚುರ್ರೆಂದಿತು. ಎದ್ದು ನಿಂತರು. "ಗೊತ್ತಿಲ್ಲ ಅಂದ್ರ ಹ್ಯಾಂಗರಿ? ಮನಷಾರ ಕಾಲು ಬೀಳದ ಜಾಗಾದ ನೀರು, ಗಂಗಿಗಿಂತ ಮಡಿ. ದ್ವಾದಶಿಗೊಮ್ಮೆ ಒಂದೊಂದು ಬಾಟ್ಲಿಯಿಂದ ಒಂದು ಚಮಚ ತೀರ್ಥಕ್ಕ ಹಾಕ್ತೀನಿ. ಗಂಗಾಜಲ ಬರಿದಾಗಬಾರದಂತ, ತಗದಷ್ಟು ನಳದ ನೀರು ಮತ್ತ ತುಂಬಿಡ್ತೀನಿ. ನೀವ ಕೈಯೊಡ್ಡಿ ಕುಡೀತೀರಲ್ಲ!"

ಸಭೆಯೆಲ್ಲ ಗೊಳ್ಳೆಂದಿತು. ನಂದಿತಾ ನಗು ತಡೆದುಕೊಂಡಳು. "ಹಳೇ ಬಾಟ್ಲಿಗೆ ನಳದ ನೀರು ಭಾಳ ಸಲ ಬಿದ್ದದ ಕಾಕಾ, ಅದಕ್ಕ ಅದು ಸಪ್ಪಗಾಗೇದ. ನೀವು ಅಳದದ್ದು ಸಮುದ್ರ ಅಲ್ಲ, ಕಾಕುನ ದ್ವಾದಶಿ."

ಶಾಲು ಮೊದಲೇ ತಂದಾಗಿತ್ತಲ್ಲ, ಹೊದಿಸಿದರು. ಮಾಸ್ತರರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮರುದಿನದ ಪತ್ರಿಕೆಯಲ್ಲಿ ಮಾಸ್ತರರ ಫೋಟೋ, ಮೇಲೆ ದಪ್ಪಕ್ಷರದಲ್ಲಿ: 'ಧ್ರುವ ಸಮುದ್ರದಲ್ಲಿ ಸಿಹಿನೀರು ಇಳಿಕೆ: ರಾಣೆಬೆನ್ನೂರು ವಿದ್ವಾಂಸರ ಶೋಧ.' ನಂದಿತಾ ಫೋನು ಮಾಡಿದಳು. "ಕಾಕಾ, ಪೇಪರಿನವರಿಗೆ ತಪ್ಪಾಗೇದ ಅಂತ ಒಂದು ಮಾತು ಹೇಳಿಬಿಡ್ರಿ. ನಮ್ಮ ಇಷ್ಟು ವರ್ಷದ ಕೆಲಸಾ ಸುಳ್ಳು ಅಂದಂಗ ಆಗೇದ."

"ಹೇಳ್ತೀನಿ ತಡಿಯವ್ವಾ, ಅವಸರ ಏನದ?" ಎಂದರು ಮಾಸ್ತರರು.

ಮಧ್ಯಾಹ್ನ ಬ್ಯಾಡಗಿಯಿಂದ ಮತ್ತೊಂದು ಫೋನು. ಪತ್ರಿಕೆ ಓದಿದ್ದರಂತೆ. ಅದೇ ಭಾಷಣ ತಮ್ಮ ಊರಲ್ಲೂ ಆಗಬೇಕಂತೆ. ನಿಜ ಗಂಟಲವರೆಗೆ ಬಂತು. ಮಾಸ್ತರರು ಅದನ್ನು ನುಂಗಿಕೊಂಡು, "ಆತು, ಬರ್ತೀನ್ರಿ" ಎಂದರು.

ಭಾಷಣದ ದಿನ ಜಾನಕೀಬಾಯಿ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ತಯಾರಾಗಿ ನಿಂತಿದ್ದರು. ಮಾಸ್ತರರು ಚಪ್ಪಲಿ ಮೆಟ್ಟುತ್ತ ಹೇಳಿದರು: "ನೀ ಬ್ಯಾಡ. ಬಿಸಲು ಭಾಳ ಅದ."