ಕೊಟ್ಟಿಗೆಗೊಂದು ಮೀಟರ್

ಅರಳಸುರಳಿಯ ಯಶೋಧಾ ಉಲ್ಲನ್ ಹೆಣೆಯುವವರಿಗಾಗಿ ಒಂದು ಆ್ಯಪ್ ಮಾಡಿದಳು. ಎಷ್ಟು ಸಾಲು ಹೆಣೆದಾಯಿತು ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಬಾಗಿಲ ತೋರಣ ಹೆಣೆಯುವಾಗ ತಾನೇ ಲೆಕ್ಕ ತಪ್ಪಿ, ಬಿಚ್ಚಿ ಬಿಚ್ಚಿ ಸಾಕಾಗಿ, ಎರಡು ವರ್ಷ ಯೂಟ್ಯೂಬ್ ನೋಡಿ ಕೋಡಿಂಗ್ ಕಲಿತಿದ್ದಳು. ಸ್ವೆಟರ್ ಇಲ್ಲದೆ ಬದುಕಲಾಗದ ದೇಶಗಳಲ್ಲಿ ಅದನ್ನು ಮಾರಬೇಕೆಂಬುದು ಅವಳ ಹಟ.

ವಿಳಾಸದ ಪುರಾವೆಗೆಂದು ವಿದೇಶದ ಆ್ಯಪ್ ಸ್ಟೋರ್ ಒಂದು ಕಾಗದ ಕೇಳಿತು: ಮಾರುವವರ ಹೆಸರಿನಲ್ಲೇ ಇರುವ ಕರೆಂಟ್ ಬಿಲ್. ಮನೆಯ ಬಿಲ್ಲು ಬರುತ್ತಿದ್ದುದು ಗಂಡನ ಅಜ್ಜ ಬೆಳ್ಳಪ್ಪನವರ ಹೆಸರಿಗೆ. ಅವರು ತೀರಿಕೊಂಡು ಇಪ್ಪತ್ತೆರಡು ವರ್ಷ. ನಮ್ಮ ಕಡೆ ಸತ್ತವರ ತಿಥಿಯನ್ನೂ ತಪ್ಪಿಸುವುದಿಲ್ಲ, ಬಿಲ್ಲಿನಿಂದ ಅವರ ಹೆಸರನ್ನೂ ತೆಗೆಸುವುದಿಲ್ಲ.

"ಶಿವಮೊಗ್ಗದಲ್ಲಿರೋ ನನ್ ತಮ್ಮನ ಹೆಸ್ರಲ್ಲಿ ಹಾಕು. ಅವ್ನ ಹತ್ರ ಬಿಲ್ ಇದ್ಯಲ್ಲ" ಎಂದ ಗಂಡ ಸುನಿಲ್.

"ಮಾಡಿದ್ದು ನಾನು. ಹೆಸ್ರು ಅವ್ನದ್ದು ಎಂತಕೆ?"

ಮರುದಿನವೇ ತೀರ್ಥಹಳ್ಳಿಯ ಕರೆಂಟ್ ಆಫೀಸಿಗೆ ಹೋಗಿ, ಸುನಿಲನ ಪಾಲಿಗೆ ಬಂದಿದ್ದ ಹಳೆಯ ಕೊಟ್ಟಿಗೆಗೆ ತನ್ನ ಹೆಸರಿನಲ್ಲಿ ಬೇರೆ ಮೀಟರ್ ಬೇಕೆಂದು ಅರ್ಜಿ ಕೊಟ್ಟಳು.

"ದನ ಇಲ್ದಿರೋ ಕೊಟ್ಟಿಗೆಗೆ ಕರೆಂಟ್ ಎಂತಕಮ್ಮ?" ಎಂದರು ಗುಮಾಸ್ತರು.

"ನಾನು ಅಲ್ಲಿ ಕೆಲ್ಸ ಮಾಡ್ತೀನಿ ಸಾರ್."

ಮೂರು ಸಲ ವಾಪಸ್ ಕಳಿಸಿದರು. ನಾಲ್ಕನೇ ಸಲವೂ ಹೋದಳು. ಮೀಟರ್ ಬಂತು. ಕಂಪ್ಯೂಟರನ್ನೂ ಕೊಟ್ಟಿಗೆಗೇ ಸಾಗಿಸಿದಳು.

ಮುಂದಿನ ತಿಂಗಳು ಬಿಲ್ಲಿನವನು ಬಂದ. ಹದಿನಾರು ವರ್ಷದಿಂದ ಈ ಮನೆಯಲ್ಲಿ ಅವಳ ಕೈಯಿಂದಲೇ ಮಜ್ಜಿಗೆ ಕುಡಿದು ಹೋಗುತ್ತಿದ್ದವನು. ಮಷೀನಿನಿಂದ ಹೊಸ ಬಿಲ್ಲು ಹರಿದು, ಓದಿ, ಹುಬ್ಬು ಗಂಟಿಕ್ಕಿದ.

"ಯಶೋಧಾ ಅಂದ್ರೆ ಯಾರಮ್ಮ?"

ಮಜ್ಜಿಗೆ ಲೋಟ ಹಿಡಿದು ನಿಂತಿದ್ದವಳು ಇನ್ನೊಂದು ಕೈ ಚಾಚಿದಳು.

"ನಾನೇ. ಕೊಡಿ ಇಲ್ಲಿ."