ನಮಗಿಂತ ಮೊದಲು ಬಂದು ಹೋದವರು

ದೆವ್ವ, ಶಕುನ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಯಾರಾದರೂ ಇಂಥದ್ದನ್ನು ಹೇಳಲು ಶುರು ಮಾಡಿದರೆ ಚಹಾ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ನೀವೂ ಹಾಗೆ ಎದ್ದು ಹೋಗುವವರಾದರೆ ನನ್ನ ತಕರಾರಿಲ್ಲ. ಇದನ್ನು ನಂಬಲು ನನಗೇ ಮನಸ್ಸಿಲ್ಲ.

ನಾವು ಗಂಡ-ಹೆಂಡತಿ ಮಸ್ಕತ್‌ನಲ್ಲಿರುವವರು. ಅಲ್ಲಿ ವಾರದ ರಜೆ ಎಂದರೆ ಒಬ್ಬರ ಮನೆಯ ನಾಮಕರಣ, ಇನ್ನೊಬ್ಬರ ಮನೆಯ ಹುಟ್ಟುಹಬ್ಬ, ಮತ್ತೊಬ್ಬರ ಜೊತೆ ಸಮುದ್ರದಂಡೆ. ಬೆನ್ನು ನೆಲಕ್ಕೆ ಹಚ್ಚಲೂ ಬಿಡುವಿಲ್ಲ. ಹಾಗಾಗಿ ಕೆಲವು ವರ್ಷಗಳ ಹಿಂದೆ ಸಣ್ಣ ರಜೆಯಲ್ಲಿ ಗಂಡನ ಊರು ಜತ್ತಕ್ಕೆ ಬಂದಾಗ, ಶನಿವಾರ-ಭಾನುವಾರದಲ್ಲಿ ಮೂರು ಮನೆಗೆ ಹೋಗಿ ಬನ್ನಿ ಎಂದು ಅತ್ತೆ ಹೇಳಿದರು; ಇದೇನು ಮಹಾ ಅನ್ನಿಸಿತು. ಬಿಳೂರಿನಲ್ಲಿ ಗಂಡನ ದೊಡ್ಡವ್ವ, ಸನಮಡಿಯಲ್ಲಿ ಗಂಡನ ಸ್ವಂತ ಅಕ್ಕ, ಸಂಖದಲ್ಲಿ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ. ಹೊಲ ಪಾಲಾದಾಗಿನಿಂದ ಈ ಮೂರು ಮನೆಗಳ ನಡುವೆ ಮಾತಿಲ್ಲ, ಫೋನಿಲ್ಲ. ಆದರೆ ನಾವು ಒಂದು ಮನೆ ಬಿಟ್ಟರೂ ಆ ಸುದ್ದಿ ಮಾತ್ರ ಹೇಗೋ ಮುಟ್ಟುತ್ತದೆ. ಭಾನುವಾರ ಸಂಖ ಮುಗಿಸಿಕೊಂಡು ನಾನೊಬ್ಬಳೇ ಬಸ್ಸಿನಲ್ಲಿ ವಿಜಯಪುರದ ತವರಿಗೆ ಹೋಗುವುದೆಂದು ಮಾತಾಗಿತ್ತು.

ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲ ಮಾತು, "ಈಗ ಬಂದ್ರೇನು?" ಕಣ್ಣೆದುರೇ ನಿಂತವರನ್ನು ಹಾಗೆ ಕೇಳುವುದೇನು ಎಂದು ನಾನು ಎಷ್ಟೋ ಸಲ ನಕ್ಕಿದ್ದೇನೆ. ಬಿಳೂರಿನ ದೊಡ್ಡವ್ವ ಅದನ್ನು ಕೇಳಲಿಲ್ಲ. ಪಡಸಾಲೆಯಲ್ಲಿ ಉಂಡ ತಾಟು ಎತ್ತುತ್ತಿದ್ದವರು ನಮ್ಮನ್ನು ನೋಡಿ, "ಮತ್ಯಾಕ ಬಂದ್ರವಾ? ಏನರೆ ಮರತೀರೇನು? ಈಗಷ್ಟ ಉಂಡು ಹೋದ್ರಲ್ಲ" ಎಂದರು.

ನಾವು ನಕ್ಕೆವು. ಅವರ ಸಮಾಧಾನಕ್ಕೆ ಎರಡು ತುತ್ತು ತಿಂದು ಹೊರಟೆವು. "ವಯಸ್ಸಾತು ಅಕಿಗಿ, ಬಿಡು" ಎಂದರು ನನ್ನ ಗಂಡ, ಕಾರು ತಿರುಗಿಸುತ್ತ. ಬಿಟ್ಟುಬಿಡುತ್ತಿದ್ದೆ. ಆದರೆ ದೊಡ್ಡವ್ವ ಎತ್ತುತ್ತಿದ್ದ ಎರಡು ತಾಟುಗಳಲ್ಲಿ ಒಂದರಲ್ಲಿ ಸುತ್ತಲೂ ಮುರಿದ ರೊಟ್ಟಿಯ ಅಂಚು ಉಳಿದಿತ್ತು. ನಾನು ರೊಟ್ಟಿ ತಿನ್ನುವುದು ಹಾಗೆಯೇ.

ಸನಮಡಿಯ ಅಕ್ಕನಿಗೆ ವಯಸ್ಸಾಗಿರಲಿಲ್ಲ. ಕಣ್ಣೂ ಚುರುಕು, ನಾಲಿಗೆಯೂ ಚುರುಕು. ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸಿಟ್ಟು ಇಳೀತೇನವಾ? ಆಗಳೆ ತಮ್ಮ ಒಬ್ಬನ ಒಳಗ ಬಂದ. ನೀ ಗಾಡ್ಯಾಗ ಕುಂತಿದ್ದಿ. ಎಷ್ಟ್ ಕರದ್ರೂ ಈ ಕಡಿ ಹೊಳ್ಳಿ ಸುದ್ಧಾ ನೋಡಲಿಲ್ಲ."

ಯಾವ ಗಾಡಿ ಎಂದು ಗಂಡ ಕೇಳಿದರು. ಅಕ್ಕ ನಮ್ಮ ಕಾರಿನ ಕಡೆಗೇ ಕೈ ತೋರಿಸಿದರು. ನಾವು ಚೇಷ್ಟೆ ಮಾಡುತ್ತಿದ್ದೇವೆಂದು ಅಕ್ಕನಿಗೆ ಸಿಟ್ಟು, ಅಕ್ಕ ಚೇಷ್ಟೆ ಮಾಡುತ್ತಿದ್ದಾರೆಂದು ಇವರಿಗೆ ಸಿಟ್ಟು. ನಾನು ಮಾತ್ರ ಲೆಕ್ಕ ಹಾಕುತ್ತಿದ್ದೆ: ಮೊದಲೇ ಬಂದುಹೋದ ಆ ನಾನು ಬಿಳೂರಿನಲ್ಲಿ ಉಂಡಿದ್ದೆ, ಇಲ್ಲಿ ಕಾರಿನಿಂದ ಇಳಿದೇ ಇಲ್ಲ. ಹಾಗಾದರೆ ಸಂಖದಲ್ಲಿ?

ಸಂಖಕ್ಕೆ ಬರುವುದಿಲ್ಲವೆಂದು ರಾತ್ರಿಯೆಲ್ಲ ಹಟ ಹಿಡಿದೆ. "ಕಾಕು ದಾರಿ ನೋಡತಿರ್ತಾಳ. ಇಂಥಾದ್ದಕ್ಕೆಲ್ಲಾ ನೀ ಯಾವಾಗಿಂದ ಹೆದರಾಕತ್ತಿ?" ಎಂದರು ಗಂಡ. ಬೆಳಿಗ್ಗೆ ಹೊರಟೆವು.

ಕಾಕು ಕಟ್ಟೆಯ ಮೇಲೆ ಮೊರ ಹಿಡಿದು ಕೂತಿದ್ದರು. ನಾನು ಕಾರಿನಿಂದ ಇಳಿಯುತ್ತಿದ್ದಂತೆ ಮೊರ ಕೈಜಾರಿತು. ಬಳಿಗೆ ಬಂದು ನನ್ನ ಕೆನ್ನೆ, ತೋಳು ಎಲ್ಲ ಮುಟ್ಟಿ ನೋಡಿದರು.

"ಈಗಷ್ಟ ಇವ ಒಬ್ಬನ ಬಂದಿದ್ದ. ಅಕಿ ಎಲ್ಲಿ ಅಂದ್ರ ಬಾಯಿ ಬಿಡಲಿಲ್ಲ. ನೀರು ಕುಡೀಲಿಲ್ಲ. ನಿನ್ನ ಉಡಿ ತುಂಬಲಾಕ ತಗದಿಟ್ಟ ಕುಬಸಾ ಹೊಳ್ಳಿ ಟ್ರಂಕಿನ್ಯಾಗ ಇಟ್ಟು ಅಳಕೋತ ಕುಂತೀನವಾ."

ಅದನ್ನು ಕೇಳಿ ನನ್ನ ಗಂಡ ಅಲ್ಲೇ ಇದ್ದ ಹೊರಸಿನ ತುದಿಗೆ ಕೂತು, ಎರಡೂ ಕೈ ಮೊಣಕಾಲ ನಡುವೆ ಇಟ್ಟುಕೊಂಡು ತಲೆ ಬಗ್ಗಿಸಿದರು. ಕಾಕು ಒಂದು ಹೆಜ್ಜೆ ಹಿಂದೆ ಸರಿದರು.

"ಹಿಂಗ ಕುಂತಿದ್ದ ನೋಡು" ಎಂದರು.

ನನಗೆ ಸಾವಿನ ಭಯ ಎಂದರೇನೆಂದು ಗೊತ್ತಾದದ್ದು ಆಗಲೇ. ನಾನು ಇಲ್ಲವಾದ ಮೇಲೆ ಇವರು ಹೇಗೆ ಕೂರುತ್ತಾರೆ ಎಂಬುದನ್ನು ನಾನು ನಿಂತು ನೋಡುತ್ತಿದ್ದೆ. ಕಾಕು ಆ ಕುಬಸ, ಅಂದರೆ ರವಿಕೆಯ ಕಣ, ತೆಗೆದು, ಅಕ್ಕಿ, ಕಾಯಿ ಹಾಕಿ ನನ್ನ ಉಡಿ ತುಂಬಿದರು. ಅಕ್ಕಿ ನೆಲಕ್ಕೂ ಬಿತ್ತು.

ಸಂಜೆ ವಿಜಯಪುರದ ಬಸ್ಸು ಬಂತು. ನಾನು ಹತ್ತಲಿಲ್ಲ. ಹತ್ತು ಎಂದು ಗಂಡನೂ ಅನ್ನಲಿಲ್ಲ. ನನ್ನ ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದರು.

ಆ ಬಸ್ಸಿಗೆ ಏನೋ ಆಯಿತೆಂದು ನೀವು ಕಾಯುತ್ತಿರಬಹುದು. ಏನೂ ಆಗಲಿಲ್ಲ, ಎಂದಿನಂತೆ ಊರು ಮುಟ್ಟಿತು. ನಮ್ಮನ್ನು ಹೋಲುವವರು ಯಾರೋ ಬಂದಿದ್ದರು ಅನ್ನೋಣವೆಂದರೆ, ಒಡಹುಟ್ಟಿದ ಅಕ್ಕನಿಗೆ ತಮ್ಮನ ಗುರುತು ಸಿಗದೇ? ಮೂವರೂ ಸೇರಿ ಆಟ ಕಟ್ಟಿದರು ಅನ್ನೋಣವೆಂದರೆ, ಆ ಮೂವರು ಸೇರುವುದು ಇದಕ್ಕಿಂತ ದೊಡ್ಡ ಪವಾಡ. ನನಗೆ ತಿಳಿಯದು. ನಾನು ಆ ಬಸ್ಸು ಹತ್ತಿದ್ದರೆ ಏನಾಗುತ್ತಿತ್ತೋ, ಅದೂ ತಿಳಿಯದು.

ಮಸ್ಕತ್‌ನಲ್ಲಿ ಮತ್ತೆ ಅದೇ ರಜೆಯ ಓಡಾಟ ನಡೆದಿದೆ. ಯಾರ ಮನೆಗೆ ಹೋದರೂ ಬೆಲ್ ಒತ್ತುವ ಮುಂಚೆ ಗಂಡ ನನ್ನನ್ನು ಮುಂದೆ ಮಾಡುತ್ತಾರೆ. ಬಾಗಿಲು ತೆರೆದವರ ಮುಖವನ್ನೇ ನಾನು ನೋಡುತ್ತೇನೆ. ನಮ್ಮ ಕಡೆಯವರಾದರೆ, "ಈಗ ಬಂದ್ರೇನು?" ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಚಪ್ಪಲಿ ಬಿಡುತ್ತೇನೆ.

"ಹೌದ್ರಿ" ಎನ್ನುತ್ತೇನೆ. "ಈಗ ಬಂದ್ವಿ. ಇಬ್ಬರೂ."